ಲೂಪಸ್‌ಗೆ ಯಾವ ಪಥ್ಯ? ಮೊದಲು ರಿಪೋರ್ಟ್, ಆಮೇಲೆ ತಟ್ಟೆ

ಲೂಪಸ್ (ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ಎರಗುವ ಕಾಯಿಲೆ) ಇದೆ ಎಂದು ಗೊತ್ತಾದ ಕೂಡಲೇ ಸುತ್ತಲಿನವರು ಕೈಗಿಡುವುದು ಬಿಡಬೇಕಾದ ಪದಾರ್ಥಗಳ ಪಟ್ಟಿಯನ್ನು. ಗೋಧಿ ಬಿಡಿ, ಹಾಲು ಬಿಡಿ, ಟೊಮೆಟೊ, ಬದನೆ ಬಿಡಿ, ಹುಳಿ ಮುಟ್ಟಲೇಬೇಡಿ. ಎಲ್ಲವನ್ನೂ ಬಿಟ್ಟವರಿಗೆ ತೂಕ ಇಳಿಯುತ್ತದೆ, ಸ್ನಾಯು ಕರಗುತ್ತದೆ, ಸುಸ್ತು ಹೆಚ್ಚುತ್ತದೆ; ಲೂಪಸ್ ಮಾತ್ರ ಇದ್ದಲ್ಲೇ ಇರುತ್ತದೆ. ಈ ಕಾಯಿಲೆಯನ್ನು ವಾಸಿ ಮಾಡುವ ಆಹಾರ ಯಾವುದೂ ಇಲ್ಲ. ಹಾಗಂತ ಏನು ತಿಂದರೂ ನಡೆಯುತ್ತದೆ ಎಂದೂ ಅಲ್ಲ. ಪಥ್ಯ ತೀರ್ಮಾನವಾಗುವುದು ಕಾಯಿಲೆಯ ಹೆಸರಿನಿಂದಲ್ಲ, ಅದು ಯಾವ ಅಂಗಕ್ಕೆ ತಗುಲಿದೆ ಮತ್ತು ನೀವು ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದರಿಂದ. ಬರೀ ಚರ್ಮ, ಕೀಲುಗಳಲ್ಲಿ ಲೂಪಸ್ ಇರುವವರಿಗೂ ಕಿಡ್ನಿಗೆ ಬಂದವರಿಗೂ ಒಂದೇ ಪಥ್ಯ ಹೇಳುವವರ ಮಾತನ್ನು ಅಲ್ಲಿಗೇ ಬಿಡಬಹುದು.

ಆದ್ದರಿಂದ ಊಟ ಬದಲಿಸುವ ಮೊದಲು ಕಾಗದಗಳನ್ನು ಮುಂದಿಟ್ಟುಕೊಳ್ಳಿ: ಔಷಧಿ ಚೀಟಿ, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಹೇಗಿದೆ ಎಂದು ಹೇಳುವ ರಕ್ತಪರೀಕ್ಷೆ), ಮೂತ್ರದ ಪ್ರೋಟೀನ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ), ವಿಟಮಿನ್ ಡಿ. ಮುಂದೆ ಹೇಳುವುದೆಲ್ಲ ಇವುಗಳ ಮೇಲೆ ನಿಂತಿದೆ.

ಮೊದಲು ಸ್ಟೀರಾಯ್ಡ್ ವಿಚಾರ, ಏಕೆಂದರೆ ಊಟದ ತೊಂದರೆಗಳಲ್ಲಿ ದೊಡ್ಡ ಪಾಲು ಅದರದ್ದೇ. ಲೂಪಸ್‌ಗೆ ಕೊಡುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಹಸಿವು ಕೆರಳಿಸುತ್ತದೆ, ಉಪ್ಪನ್ನೂ ನೀರನ್ನೂ ಮೈಯಲ್ಲಿ ಹಿಡಿದಿಡುತ್ತದೆ, ಮೂಳೆ ಸವೆಸುತ್ತದೆ, ಸಕ್ಕರೆ ಏರಿಸುತ್ತದೆ. ಸಕ್ಕರೆಯ ವಿಷಯದಲ್ಲಿ ಹಲವರು ಏಮಾರುತ್ತಾರೆ. ಬೆಳಿಗ್ಗೆ ಮಾತ್ರೆ ತಗೊಂಡರೆ ಸಕ್ಕರೆ ಏರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆ ಮಾತ್ರ ಮಾಡಿಸಿದರೆ ಎಲ್ಲ ಸರಿಯಾಗಿದೆ ಎಂದೇ ಬರಬಹುದು. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ನೋಡಿದರೆ ನಿಜ ತಿಳಿಯುತ್ತದೆ. ಅದೇ ಕಾರಣಕ್ಕೆ ಅನ್ನ, ಬ್ರೆಡ್, ಸಿಹಿ ತಗ್ಗಿಸಬೇಕಾದದ್ದು ಮುಖ್ಯವಾಗಿ ಮಧ್ಯಾಹ್ನ ಮತ್ತು ಸಂಜೆ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಪ್ರೋಟೀನ್, ಉಳಿದ ಕಾಲು ಧಾನ್ಯ ಎಂದಿಟ್ಟುಕೊಂಡರೆ ಹಸಿವೂ ಹಿಡಿತಕ್ಕೆ ಬರುತ್ತದೆ. ದಿನದ ಡೋಸನ್ನು ಒಮ್ಮೆಗೇ ತಗೊಳ್ಳುವವರು ಬೆಳಿಗ್ಗೆ ತಿಂಡಿಯ ಜೊತೆ ತಗೊಳ್ಳುವುದು ಒಳ್ಳೆಯದು. ರಾತ್ರಿ ತಗೊಂಡರೆ ನಿದ್ದೆ ಕೆಡುತ್ತದೆ. ಮುಖ ಊದಿತು, ತೂಕ ಬಂತು ಎಂದು ದಿಢೀರನೆ ನಿಲ್ಲಿಸುವುದಂತೂ ಅಪಾಯ. ಕೆಲವು ವಾರ ಸ್ಟೀರಾಯ್ಡ್ ತಗೊಂಡ ದೇಹದಲ್ಲಿ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡಿರುತ್ತದೆ. ಹಠಾತ್ ನಿಲ್ಲಿಸಿದರೆ ಬಿಪಿ ಕುಸಿಯಬಹುದು.

ಉಪ್ಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ, ಎಲ್ಲ ಊಟ ತಿಂಡಿ ಸೇರಿ. ಅಡುಗೆಗೆ ಹಾಕುವುದನ್ನು ಅಳೆದು, ಬ್ರೆಡ್, ಚೀಸ್, ಸಾಸ್, ಉಪ್ಪಿನಕಾಯಿ, ಪ್ಯಾಕೆಟ್ ಸೂಪನ್ನು ಲೆಕ್ಕಕ್ಕೇ ತಗೊಳ್ಳದಿದ್ದರೆ ಅಳೆದದ್ದು ದಂಡ. ಪ್ಯಾಕೆಟ್ ಮೇಲೆ ಸೋಡಿಯಂ ಎಂದು ಬರೆದಿದ್ದರೆ ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಇನ್ನೊಂದು ಎಚ್ಚರ: ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರದ ಪ್ರೋಟೀನ್ ಸೋರಿಕೆ ತಡೆಯಲು ಕೊಡುವ ರಾಮಿಪ್ರಿಲ್, ಲೊಸಾರ್ಟನ್ ಕೂಡ ಪೊಟ್ಯಾಸಿಯಂ ಏರಿಸುತ್ತವೆ, ನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್ ಸಹ. ಎಲ್ಲ ಕೂಡಿಕೊಂಡರೆ ಹೃದಯದ ಬಡಿತವೇ ತಪ್ಪಬಹುದು. ಕಿಡ್ನಿ ಲೂಪಸ್ ಇರುವವರು ವೈದ್ಯರನ್ನು ಕೇಳದೆ ಆ ಉಪ್ಪನ್ನು ತರಬಾರದು.

ಕಿಡ್ನಿಗೆ ಬಂದಾಗ ಪ್ರೋಟೀನ್ ಬಗ್ಗೆ ಎರಡು ತಪ್ಪುಗಳಾಗುತ್ತವೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಲ್ಲ, ತುಂಬಿಕೊಳ್ಳೋಣ ಎಂದು ಕೆಲವರು ಪ್ರೋಟೀನ್ ಪುಡಿ ಶುರುಮಾಡುತ್ತಾರೆ. ಅತಿಯಾದ ಪ್ರೋಟೀನ್ ಕಿಡ್ನಿಯ ಸೋಸುವ ಜಾಲದ ಮೇಲೆ ಒತ್ತಡ ಹೆಚ್ಚಿಸಿ ಸೋರಿಕೆಯನ್ನೇ ಜಾಸ್ತಿ ಮಾಡಬಲ್ಲದು. ಇನ್ನು ಕೆಲವರು ಹೆದರಿ ಪೂರ್ತಿ ಬಿಟ್ಟು, ಸ್ಟೀರಾಯ್ಡ್‌ನಿಂದ ಕರಗುತ್ತಿರುವ ಸ್ನಾಯುವನ್ನು ಇನ್ನಷ್ಟು ಕಳೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹೇಳುವ ಅಳತೆ ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಆಸುಪಾಸು. 60 ಕಿಲೋ ಇರುವವರಿಗೆ 48 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 250 ಮಿಲಿಲೀಟರ್ ಹಾಲಿನಲ್ಲಿ 8, ಬೇಯಿಸಿದ 100 ಗ್ರಾಂ ಬೇಳೆಯಲ್ಲಿ 8ರಿಂದ 9. ಡಯಾಲಿಸಿಸ್‌ನಲ್ಲಿ ಇರುವವರ ಲೆಕ್ಕ ಬೇರೆ, ಅವರಿಗೆ ಹೆಚ್ಚು ಬೇಕು. ಕಿಡ್ನಿ ಸರಿಯಿರುವವರು ಈ ಪ್ಯಾರಾ ಓದಿ ಬೇಳೆ, ಮೊಟ್ಟೆ ಕಡಿಮೆ ಮಾಡಬೇಕಿಲ್ಲ. ಹಣ್ಣು, ತರಕಾರಿಯ ಪೊಟ್ಯಾಸಿಯಂಗೂ ಹೆದರಬೇಕಾದದ್ದು ರಿಪೋರ್ಟ್‌ನಲ್ಲಿ ಏರಿದ್ದರೆ ಮಾತ್ರ. ಆಗ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಸಾಕಷ್ಟು ಕಡಿಮೆಯಾಗುತ್ತದೆ.

ಕಾಲಿನ ಊತ ಕಣ್ಣಿಗೆ ಕಾಣುವ ಮೊದಲೇ ತೂಕದ ಯಂತ್ರಕ್ಕೆ ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಮೂತ್ರ ಮಾಡಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಮೂತ್ರದಲ್ಲಿ ನಿಲ್ಲದ ನೊರೆ ಕಂಡರೂ ಪರೀಕ್ಷೆ ಮುಂದೂಡಬೇಡಿ.

ಬಿಸಿಲು ಲೂಪಸ್ ಅನ್ನು ಕೆರಳಿಸುತ್ತದೆ ಎಂದು ಬಿಸಿಲು ತಪ್ಪಿಸುವವರಿಗೆ ವಿಟಮಿನ್ ಡಿ ಕೊರತೆ ಸಾಮಾನ್ಯ, ಜೊತೆಗೆ ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತಿರುತ್ತದೆ. ಊಟ, ಮಾತ್ರೆ ಎರಡೂ ಸೇರಿ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ, 600ರಿಂದ 800 ಯೂನಿಟ್ ಡಿ ಎನ್ನುವುದು ಸ್ಟೀರಾಯ್ಡ್ ತಗೊಳ್ಳುವವರಿಗೆ ಹೇಳುವ ಸಾಮಾನ್ಯ ಅಳತೆ. ರಕ್ತದಲ್ಲಿ ಕಡಿಮೆಯಿದ್ದರೆ ವೈದ್ಯರು ಹೆಚ್ಚಿಸುತ್ತಾರೆ. 250 ಮಿಲಿಲೀಟರ್ ಹಾಲಿನಲ್ಲೇ 300 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಹಾಗಾಗಿ ಎರಡು ಲೋಟ ಹಾಲು, ಮೊಸರು ತಗೊಳ್ಳುವವರಿಗೆ ಇಡೀ ಡೋಸ್ ಮಾತ್ರೆ ಬೇಕಾಗುವುದಿಲ್ಲ. ಮಾತ್ರೆಯಾದರೆ ಒಮ್ಮೆಗೆ 500 ಮಿಲಿಗ್ರಾಂ ಮೀರದಿರಲಿ. ಅದಕ್ಕಿಂತ ಹೆಚ್ಚಾದರೆ ಕರುಳು ಹೀರುವ ಪಾಲು ಇಳಿಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟನ್ನು ಊಟದ ಜೊತೆಗೇ ತಗೊಳ್ಳಬೇಕು.

ಮಾತ್ರೆಗಳು ಒಂದಕ್ಕೊಂದು ಅಡ್ಡ ಬರುವುದು ಇಲ್ಲಿಯೇ. ಲೂಪಸ್‌ಗೆ ಸಾಮಾನ್ಯವಾಗಿ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಊಟದ ಜೊತೆ ತಗೊಂಡರೆ ಹೊಟ್ಟೆ ತೊಳಸುವುದು ಕಡಿಮೆ, ಆದರೆ ಹೊಟ್ಟೆಯ ಆಮ್ಲ ತಗ್ಗಿಸುವ ಆಂಟಾಸಿಡ್‌ಗೂ ಅದಕ್ಕೂ 4 ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಆಂಟಾಸಿಡ್ಡೇ ಎಂಬುದು ಮರೆತುಹೋಗುತ್ತದೆ. ನಿರೋಧಕ ಶಕ್ತಿ ತಗ್ಗಿಸುವ ಮೈಕೋಫಿನೋಲೇಟನ್ನೂ ಮೆಗ್ನೀಸಿಯಂ, ಅಲ್ಯುಮಿನಿಯಂ ಇರುವ ಆಂಟಾಸಿಡ್‌ಗಳಿಂದ ದೂರ ಇಡಬೇಕು. ಟ್ಯಾಕ್ರೊಲಿಮಸ್ ಅಥವಾ ಅದೇ ಗುಂಪಿನ ಸೈಕ್ಲೋಸ್ಪೋರಿನ್ ತಗೊಳ್ಳುವವರು ಗ್ರೇಪ್‌ಫ್ರೂಟ್ ತಿನ್ನಲೇಬಾರದು (ದ್ರಾಕ್ಷಿಗೂ ಇದಕ್ಕೂ ನಂಟಿಲ್ಲ, ಇದು ಕಿತ್ತಳೆ ಜಾತಿಯ ಹಣ್ಣು), ಅದರ ಬಳಗದ ಚಕ್ಕೋತವೂ ಬೇಡ. ಅವು ಔಷಧಿಯನ್ನು ಒಡೆಯುವ ಕಿಣ್ವವನ್ನು ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತವೆ. ಕೀಲು, ಚರ್ಮದ ಲೂಪಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ, ದಿನಾ ತಗೊಂಡರೆ ಜೀವಕ್ಕೇ ಅಪಾಯ. ಅದರ ಜೊತೆ ಕೊಡುವ ಫೋಲಿಕ್ ಆಸಿಡ್ ತಪ್ಪಿಸಬಾರದು, ಮದ್ಯ ದೂರವಿರಲಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ಳುವವರು ಸೊಪ್ಪು ಬಿಡಬೇಕು ಎನ್ನುವುದು ತಪ್ಪು ತಿಳಿವಳಿಕೆ. ಒಂದು ವಾರ ರಾಶಿ ತಿಂದು ಮುಂದಿನ ವಾರ ಮುಟ್ಟದಿರುವುದೇ ತೊಂದರೆ. ವಾರವಾರವೂ ಹೆಚ್ಚುಕಡಿಮೆ ಅಷ್ಟೇ ಸೊಪ್ಪು ತಿನ್ನಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಳತೆ) ಅದಕ್ಕೆ ಹೊಂದಿಕೊಳ್ಳುತ್ತದೆ.

ನಿಜವಾಗಿ ಬಿಡಬೇಕಾದದ್ದು ಸ್ವಲ್ಪವೇ. ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು, ಅಂದರೆ ಆಲ್ಫಾಲ್ಫಾ, ಅದರ ಮೊಳಕೆ ಮತ್ತು ಮಾತ್ರೆ. 1982ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದರ ಮೊಳಕೆ ತಿಂದ ಮಕಾಕ್ ಕೋತಿಗಳಲ್ಲಿ ಲೂಪಸ್‌ನಂಥದೇ ಕಾಯಿಲೆ ಕಾಣಿಸಿಕೊಂಡಿತ್ತು. ಅದರಲ್ಲಿರುವ ಎಲ್-ಕ್ಯಾನವನೈನ್ ಎಂಬ ಅಮೈನೋ ಆಮ್ಲದ ಮೇಲೆ ಗುಮಾನಿ. ಎಕಿನೇಶಿಯಾ, ಸ್ಪಿರುಲಿನಾದಂಥ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಮಾತ್ರೆಗಳೂ ಬೇಡ. ನಿರೋಧಕ ವ್ಯವಸ್ಥೆ ಹದ್ದುಮೀರಿರುವುದೇ ಕಾಯಿಲೆಯಾಗಿರುವಾಗ ಅದಕ್ಕೆ ಇನ್ನಷ್ಟು ಹುರುಪು ತುಂಬುವುದು ಯಾವ ನ್ಯಾಯ? ಬೆಳ್ಳುಳ್ಳಿಯನ್ನೂ ಈ ಪಟ್ಟಿಗೆ ಸೇರಿಸುವವರಿದ್ದಾರೆ, ಆದರೆ ಅಡುಗೆಗೆ ಹಾಕುವ ಬೆಳ್ಳುಳ್ಳಿಗೆ ಹೆದರಬೇಡಿ. ಟೊಮೆಟೊ, ಬದನೆ ಬಿಡಲು ಆಧಾರವಿಲ್ಲ. ಗ್ಲುಟೆನ್ (ಗೋಧಿಯಲ್ಲಿರುವ ಪ್ರೋಟೀನ್) ಬಿಡುವ ಯೋಚನೆಯಿದ್ದರೆ ಬಿಡುವುದಕ್ಕೆ ಮೊದಲೇ ಸೀಲಿಯಾಕ್ (ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುವಾಗ ಹಸಿ ಮೊಳಕೆ, ಕಾಯಿಸದ ಹಾಲು, ಅರೆಬೆಂದ ಮೊಟ್ಟೆ, ಮಾಂಸ ಬೇಡ.

ಯಾವ ಆಹಾರ ಆಗುವುದಿಲ್ಲ ಎಂದು ಪತ್ತೆ ಮಾಡಲು ಡೈರಿ ಇಡುವವರಿಗೆ ಒಂದು ಮಾತು: ಬಿಸಿಲನ್ನೂ ಬರೆಯಿರಿ. ಬಿಸಿಲಿಗೆ ಹೋದ ದಿನವೇ ದದ್ದು ಬರಬೇಕೆಂದಿಲ್ಲ, ಕೆಲವು ದಿನ, ಕೆಲವೊಮ್ಮೆ ವಾರಗಳ ನಂತರ ಬರುತ್ತದೆ. ಅಷ್ಟರಲ್ಲಿ ಬಿಸಿಲು ಮರೆತು, ನಿನ್ನೆ ತಿಂದ ಬದನೆಕಾಯಿಯ ಮೇಲೆ ಅಪವಾದ ಬಿದ್ದಿರುತ್ತದೆ. ನಿದ್ದೆ, ತಪ್ಪಿಸಿದ ಮಾತ್ರೆ, ಮುಟ್ಟು, ಸೋಂಕು ಇವೂ ಡೈರಿಯಲ್ಲಿರಲಿ. ಒಂದು ಆಹಾರದ ಮೇಲೆ ಅನುಮಾನವಿದ್ದರೆ ಅದೊಂದನ್ನೇ ಮೂರು ನಾಲ್ಕು ವಾರ ಬಿಟ್ಟು ಮತ್ತೆ ತಿಂದು ನೋಡಿ. ಮಧ್ಯೆ ಔಷಧಿಯ ಡೋಸ್ ಬದಲಾಗಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ, 50 ಇದ್ದರೆ ಒಳ್ಳೆಯದು. ಮುಖ, ಕುತ್ತಿಗೆಗೆ ಎರಡು ಬೆರಳುದ್ದ, ಹೊರಡುವ 15 ನಿಮಿಷ ಮೊದಲು, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಕಿಟಕಿಯ ಗಾಜು ಬಿಸಿಲಿನ ಯುವಿಎ ಕಿರಣವನ್ನು ಪೂರ್ತಿ ತಡೆಯುವುದಿಲ್ಲ.

ಸುಸ್ತಿಗೆ ಎಂದು ತಾವಾಗಿಯೇ ಕಬ್ಬಿಣದ ಮಾತ್ರೆ ನುಂಗುವುದು ಸರಿಯಲ್ಲ. ಲೂಪಸ್‌ನ ರಕ್ತಹೀನತೆಯಲ್ಲಿ ಹಲವು ಬಾರಿ ಕಬ್ಬಿಣ ಇದ್ದೂ ಉರಿಯೂತದಿಂದ ಬಳಕೆಯಾಗುತ್ತಿರುವುದಿಲ್ಲ. ಉರಿಯೂತದಲ್ಲಿ ಫೆರಿಟಿನ್ ತಾನೇ ಏರುವುದರಿಂದ ಅದೊಂದನ್ನೇ ನಂಬುವಂತಿಲ್ಲ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಅಳತೆ) ಕೂಡ ನೋಡಬೇಕು. ಥೈರಾಯ್ಡ್, ನಿದ್ದೆ, ಖಿನ್ನತೆ ಇವನ್ನೂ ಪರಿಶೀಲಿಸಿದ ಮೇಲೆ ಉಳಿಯುವ ಸುಸ್ತಿಗೆ ಕೆಲಸ ಮಾಡುವುದು ಪ್ರತಿದಿನದ ನಡಿಗೆಯೇ: ಹತ್ತು ನಿಮಿಷದಿಂದ ಶುರುಮಾಡಿ, ಮರುದಿನ ಏಳಲು ಕಷ್ಟವಾಗದಿದ್ದರೆ ಮಾತ್ರ ಮುಂದಿನ ವಾರ ಒಂದೆರಡು ನಿಮಿಷ ಏರಿಸುವುದು.

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಫ್ಲೇರ್ (ಲೂಪಸ್ ಕೆರಳುವುದು) ಇರಬಹುದೆಂದು ಸ್ಟೀರಾಯ್ಡ್ ಏರಿಸಿಕೊಂಡು ಮನೆಯಲ್ಲಿ ಕೂರಬೇಡಿ, ಅದೇ ದಿನ ವೈದ್ಯರನ್ನು ಕಾಣಿ. ಉರಿಯೂತ ತೋರಿಸುವ ಎರಡು ರಕ್ತಪರೀಕ್ಷೆಗಳಲ್ಲಿ, ಲೂಪಸ್ ಫ್ಲೇರ್ ಇದ್ದಾಗ ಇಎಸ್‌ಆರ್ ಏರಿದರೂ ಸಿಆರ್‌ಪಿ ಸಾಮಾನ್ಯವಾಗಿ ಅಷ್ಟಾಗಿ ಏರುವುದಿಲ್ಲ. ತುಂಬಾ ಏರಿದ್ದರೆ ವೈದ್ಯರು ಮೊದಲು ಹುಡುಕುವುದು ಸೋಂಕನ್ನು.