ಗ್ಯಾಲಕ್ಸಿಗಳು ಡಿಕ್ಕಿ ಹೊಡೆದರೆ ನಕ್ಷತ್ರಗಳು ಪುಡಿಯಾಗಲ್ವಾ?

ತೀರ್ಥಹಳ್ಳಿಯ ನೆಂಟರ ಮನೆಯಿರಲಿ, ಶಿವಮೊಗ್ಗದ ಕಾಲೇಜಿರಲಿ, ಮಾತು ಆಕಾಶದ ಕಡೆ ತಿರುಗಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ: ‘ನೂರಾರು ಗ್ಯಾಲಕ್ಸಿಗಳಿರುವ ಎರಡು ಗುಂಪು ಒಂದಕ್ಕೊಂದು ಗುದ್ದಿದರೆ ನಕ್ಷತ್ರಗಳೆಲ್ಲ ಪುಡಿಯಾಗಲ್ವಾ?’

ಆಗಲ್ಲ. ನಕ್ಷತ್ರಗಳ ನಡುವೆ ಅಷ್ಟೊಂದು ಜಾಗ ಇದೆ. ಗ್ಯಾಲಕ್ಸಿಗಳೂ ಬಹುಪಾಲು ಹಾಗೇ ಹಾದುಹೋಗುತ್ತವೆ. ಡಿಕ್ಕಿಯಾಗುವುದು ನಮ್ಮ ಕಣ್ಣಿಗೆ ಖಾಲಿ ಎನಿಸುವ, ಗ್ಯಾಲಕ್ಸಿಗಳ ನಡುವಿನ ಜಾಗದಲ್ಲಿ. ಅಲ್ಲಿ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ ತುಂಬಿದೆ; ಗುಂಪಿನ ನಕ್ಷತ್ರಗಳನ್ನೆಲ್ಲ ಸೇರಿಸಿ ತೂಗಿದರೂ ಅದರದೇ ತೂಕ ಹೆಚ್ಚು. ಎಕ್ಸ್-ರೇ ದೂರದರ್ಶಕದಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಗುಂಪುಗಳು ಸೆಕೆಂಡಿಗೆ ಒಂದೆರಡು ಸಾವಿರ ಕಿ.ಮೀ. ವೇಗದಲ್ಲಿ ನುಗ್ಗಿದಾಗ ಈ ಅನಿಲದಲ್ಲಿ ಆಘಾತದ ಅಲೆ ಏಳುತ್ತದೆ. ಮಳೆಗಾಲದಲ್ಲಿ ಗಾಜನೂರು ಡ್ಯಾಮಿನ ಗೇಟು ಎತ್ತಿದಾಗ ನೋಡಿ. ನೀರು ತೆಳ್ಳಗೆ, ನುಣ್ಣಗೆ ಭರ್ರನೆ ಇಳಿಯುತ್ತದೆ; ಬುಡಕ್ಕೆ ಬಂದಲ್ಲಿ, ಗೆರೆ ಕೊಯ್ದ ಹಾಗೆ, ಥಟ್ಟನೆ ಉಬ್ಬಿ ನೊರೆಯೆದ್ದು ವೇಗ ಕಳೆದುಕೊಳ್ಳುತ್ತದೆ. ಅನಿಲದಲ್ಲೂ ಅಂಥದೇ ಒಂದು ಗೆರೆ. ಅದನ್ನು ದಾಟಿದ ಕೂಡಲೇ ಒತ್ತಡ, ಬಿಸಿ, ಸಾಂದ್ರತೆ ಮೂರೂ ಜಿಗಿಯುತ್ತವೆ.

ನನಗೆ ಎಷ್ಟು ಹೇಳಿದರೂ ಸಾಲದು ಅನಿಸುವುದು ಇನ್ನು ಮುಂದಿನದು. ಕೆಲವು ಎಲೆಕ್ಟ್ರಾನುಗಳು ಆ ಗೆರೆಯನ್ನು ಅತ್ತಿಂದಿತ್ತ ಮತ್ತೆ ಮತ್ತೆ ದಾಟುತ್ತ, ಪ್ರತಿಸಲವೂ ಶಕ್ತಿ ಗಳಿಸುತ್ತ, ಬೆಳಕಿನ ವೇಗದ ಹತ್ತಿರಕ್ಕೆ ಬರುತ್ತವೆ. ಅಲ್ಲಿನ ಕಾಂತಕ್ಷೇತ್ರ ಭೂಮಿಯದ್ದಕ್ಕಿಂತ ಲಕ್ಷಪಟ್ಟು ದುರ್ಬಲ. ಆದರೂ ಅದರಲ್ಲಿ ಸುತ್ತುತ್ತ ಅವು ರೇಡಿಯೋ ಅಲೆ ಸೂಸುತ್ತವೆ. ಯಾವೊಂದು ಗ್ಯಾಲಕ್ಸಿಗೂ ಅಂಟಿಕೊಳ್ಳದೆ ಹರಡಿದ ಹೊಳಪು ಇದು. 2010ರಲ್ಲಿ ಪ್ರಕಟವಾದ ‘ಸಾಸೇಜ್’ ಎಂಬ ಇಂಥದೊಂದು ಹೊಳಪಿನ ಕಮಾನಿನ ಉದ್ದ ಸುಮಾರು 60 ಲಕ್ಷ ಜ್ಯೋತಿರ್ವರ್ಷ! ಅದರ ಹೊರ ಅಂಚು ಚೂಪು. ಒಳಕ್ಕೆ ಬಂದಂತೆ ಮೊದಲು ಮಂಕಾಗುವುದು ಹೆಚ್ಚಿನ ಕಂಪನಾಂಕದ ಹೊಳಪು, ಯಾಕೆಂದರೆ ಅಲೆ ಮುಂದೆ ಸಾಗಿದೆ, ಹಿಂದುಳಿದ ಎಲೆಕ್ಟ್ರಾನುಗಳ ಶಕ್ತಿ ಸೋರಿಹೋಗಿದೆ. ಆ ಅಧ್ಯಯನದಲ್ಲಿ ಪುಣೆ ಜಿಲ್ಲೆಯ ಖೊಡದದ ನಮ್ಮ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯೂ ಇತ್ತು: 45 ಮೀಟರ್ ಅಗಲದ 30 ಆಂಟೆನಾಗಳು.

ಗುಂಪಿನ ನಡುಮಧ್ಯೆ ಹರಡುವ ಮಬ್ಬು ಹೊಳಪು ಬೇರೆ, ಅದು ಡಿಕ್ಕಿಯ ನಂತರದ ಕಲಕಾಟದ್ದು ಎನ್ನುತ್ತಾರೆ.

ಒಂದು ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ. ಈ ಅಲೆಗಳು ಅನಿಲದೊಳಗಿನ ಶಬ್ದದ ವೇಗಕ್ಕಿಂತ ಎರಡು-ಮೂರು ಪಟ್ಟು ವೇಗದವು ಅಷ್ಟೇ. ಅನಿಲದಲ್ಲಿರುವ ಸಾಮಾನ್ಯ ಎಲೆಕ್ಟ್ರಾನನ್ನು ಇಷ್ಟು ಮೇಲೆತ್ತಲು ಅಷ್ಟು ಸಾಲದು. ಹಿಂದೆಂದೋ ಕಪ್ಪುಕುಳಿಗಳು ಉಗುಳಿದ ಹಳೆಯ ಎಲೆಕ್ಟ್ರಾನುಗಳಿಗೆ ಅಲೆ ಮತ್ತೆ ಜೀವ ಕೊಡುತ್ತದೆ ಎಂಬ ವಾದವನ್ನೇ ನಾನು ಒಪ್ಪುತ್ತೇನೆ. ಏಬೆಲ್ 3411-3412 ಗುಂಪಿನಲ್ಲಿ ಒಂದು ಗ್ಯಾಲಕ್ಸಿಯ ಕಪ್ಪುಕುಳಿ ಉಗುಳಿದ ಎಲೆಕ್ಟ್ರಾನುಗಳ ರೇಡಿಯೋ ಬಾಲ ನೇರವಾಗಿ ಇಂಥ ಹೊಳಪಿಗೇ ಹೋಗಿ ಸೇರುವುದನ್ನು 2017ರಲ್ಲಿ ತೋರಿಸಿದ್ದಾರೆ.