ಸ್ಟ್ರಾಬೆರಿ ಹೊಲದ ಮುಂದೆ

ಇಂದು ಬೆಳಿಗ್ಗೆ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ದಾರಿಯಲ್ಲಿ ಕಾರು ನಿಲ್ಲಿಸಿ ಸ್ಟ್ರಾಬೆರಿ ಹೊಲ ನೋಡುತ್ತಾ ನಿಂತೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಹೆಂಗಸರು ಸೊಂಟ ಬಗ್ಗಿಸಿ, ಒಂದೊಂದೇ ಹಣ್ಣನ್ನು ನಲುಗದಂತೆ ಕಿತ್ತು ಡಬ್ಬಿಗೆ ತುಂಬುತ್ತಿದ್ದರು. ಅಮೆರಿಕದಲ್ಲಿ ಬೆಳೆ ಕೊಯ್ಯುವ ಹತ್ತು ಕೂಲಿಕಾರರಲ್ಲಿ ಸುಮಾರು ನಾಲ್ವರಿಗೆ ಆ ದೇಶದಲ್ಲಿರಲು ಕಾನೂನಿನ ಕಾಗದಪತ್ರಗಳಿಲ್ಲ. ಅವರನ್ನೆಲ್ಲ ಗಡಿಪಾರು ಮಾಡಿದರೆ ಇವನ್ನು ಕೀಳುವವರು ಯಾರು?

2011ರಲ್ಲಿ ಅಮೆರಿಕದ ಅಲಬಾಮಾ ರಾಜ್ಯ ಕಠಿಣ ವಲಸೆ ಕಾನೂನು ತಂದಾಗ ಅನೇಕ ಕೂಲಿಕಾರರು ರಾತ್ರೋರಾತ್ರಿ ಊರು ಬಿಟ್ಟರು. ಟೊಮೆಟೊ ಗಿಡದಲ್ಲೇ ಕೊಳೆಯಿತು.

ಕಾಗದಪತ್ರಗಳಿಲ್ಲದ ವಲಸಿಗರು ತೆರಿಗೆ ಕಟ್ಟುವುದಿಲ್ಲ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. 2022ರಲ್ಲಿ ಇವರು ಕಟ್ಟಿದ ತೆರಿಗೆ ಸುಮಾರು 9,670 ಕೋಟಿ ಡಾಲರ್ ಎಂಬ ಅಂದಾಜಿದೆ! ಪಿಂಚಣಿ ನಿಧಿಗೆ ಇವರಲ್ಲಿ ಅನೇಕರ ಕೂಲಿಯಿಂದಲೂ ಹಣ ಕಡಿತವಾಗುತ್ತದೆ. ಮುಪ್ಪಿನಲ್ಲಿ ಆ ಪಿಂಚಣಿ ಇವರ ಕೈಗೆ ಬರುವುದಿಲ್ಲ.