ಬಿಚ್ಚಬೇಕು

"ಮುಚ್ಚೋಕೆ ಕಲ್ತಿದಾರೆ ಮೇಡಂ, ಬಿಚ್ಚೋಕೆ ಕಲ್ತಿಲ್ಲ."

ಮಂಗಳವಾರ ಸಂಜೆ ಮೈಸೂರಿನ ಅಗ್ರಹಾರದ ಒಂದು ಸಂದಿಯ ರಿಪೇರಿ ಅಂಗಡಿಯಲ್ಲಿ ಕೇಳಿದ ಮಾತು. ಇವತ್ತು ಶನಿವಾರ. ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ಉಪ್ಪಿನಕಾಯಿ ಜಾಡಿ ಮುಚ್ಚುವಾಗ ನೆನಪಾಗುತ್ತದೆ. ಮಗಳ ಟಿಫನ್ ಬಾಕ್ಸಿನ ಕ್ಲಿಪ್ ಒತ್ತುವಾಗ ನೆನಪಾಗುತ್ತದೆ. ಆ ಮನುಷ್ಯ ನನಗೆ ಹೇಳಿದ್ದಲ್ಲ. ಕೈಯಲ್ಲಿದ್ದ ಲ್ಯಾಂಪ್ ಮಾಡಿದವರನ್ನು ಬೈದದ್ದು. ತಾಗಿದ್ದು ಮಾತ್ರ ನನಗೆ.

ಕಾರಣ ಇದೆ. ಅದಕ್ಕೆ ಎರಡು ದಿನ ಮುಂಚೆ ಭಾನುವಾರದ ಕ್ಲಾಸಿನಲ್ಲಿ ನನಗೆ ಚಪ್ಪಾಳೆ ಬಿದ್ದಿತ್ತು.

ನಾನು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಡೆ ಹದಿನಾರು ವರ್ಷದಿಂದ ಡ್ರಾಯಿಂಗ್ ಮಾಡಿಕೊಂಡಿರುವವಳು. ಬೇರೆ ಯಾರೋ ಯೋಚನೆ ಮಾಡಿರುತ್ತಾರೆ, ನಾನು ಕಂಪ್ಯೂಟರಿನಲ್ಲಿ ಅಳತೆ ಹಾಕಿ ಗೆರೆ ಎಳೆಯುತ್ತೇನೆ. ನಲವತ್ತು ದಾಟಿದ ಮೇಲೆ, ಯೋಚನೆಯನ್ನೂ ನಾನೇ ಯಾಕೆ ಮಾಡಬಾರದು ಅನ್ನಿಸಿತು. ಕುವೆಂಪುನಗರದಲ್ಲಿ ನಡೆಯುವ ಇಂಡಸ್ಟ್ರಿಯಲ್ ಡಿಸೈನ್, ಅಂದರೆ ಕಾರ್ಖಾನೆ ಸಾಮಾನುಗಳ ವಿನ್ಯಾಸ ಕಲಿಸುವ ಕ್ಲಾಸಿಗೆ ಸೇರಿದೆ. ಒಟ್ಟು ಹನ್ನೊಂದು ಜನ. ಅದರಲ್ಲಿ ಹತ್ತು ಜನಕ್ಕೆ ನಾನು ಆಂಟಿ. ಮೇಷ್ಟ್ರಿಗೂ ಮೂವತ್ತು ದಾಟಿರಲಾರದು. ಯಾವಾಗಲೂ ಕಪ್ಪು ಟೀ ಶರ್ಟ್. ಪಾಠ ಚೆನ್ನಾಗಿ ಮಾಡುತ್ತಾರೆ. ಪ್ರತಿ ಮೂರನೇ ಮಾತಿಗೆ 'ಸಸ್ಟೇನಬಲ್' (ಪರಿಸರಕ್ಕೆ ಹೊರೆಯಾಗದ್ದು) ಅನ್ನುವುದು ಬಿಟ್ಟರೆ ದೂರುವುದಕ್ಕೆ ಏನೂ ಇಲ್ಲ.

ಮೊದಲ ದಿನ ಅವರು ಮೇಜಿನ ಮೇಲೆ ಒಂದು ತಾಮ್ರದ ಚೊಂಬು ತಂದಿಟ್ಟರು. ನಾವು ಫೀಸ್ ಕಟ್ಟಿದ ದಿನವೂ ಅದೇ. "ಕೈಗೆ ಚೊಂಬು ಕೊಟ್ರು" ಅಂತ ಹಿಂದಿನ ಬೆಂಚಿನ ಹುಡುಗ ಅಂದ, ಎಲ್ಲರೂ ನಕ್ಕೆವು. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನುವ ಅಮೆರಿಕದ ದಂಪತಿ ನಮ್ಮ ಸರ್ಕಾರ ಕರೆದಿದ್ದಕ್ಕೆ ಬಂದು, ದೇಶ ಸುತ್ತಿ, ಒಂದು ವರದಿ ಬರೆದುಕೊಟ್ಟರಂತೆ. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾದದ್ದು ಅದರ ಬೆನ್ನಿಗೇ. ಇಷ್ಟೆಲ್ಲ ಸುತ್ತಿದವರು ಎಲ್ಲಕ್ಕಿಂತ ಜಾಸ್ತಿ ಮೆಚ್ಚಿದ್ದು ಈ ಚೊಂಬನ್ನು. ಮೆಚ್ಚಿ ಸುಮ್ಮನಾಗದೆ, ಇದನ್ನು ಹೊಸದಾಗಿ ಮಾಡಬೇಕಾದರೆ ಏನೇನು ಕೇಳಿಕೊಳ್ಳಬೇಕು ಅಂತ ಪಟ್ಟಿಯನ್ನೇ ಬರೆದರು. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಗಂಡಸಿನದೋ ಹೆಂಗಸಿನದೋ? ತಲೆ ಮೇಲೆ ಹೊರುತ್ತಾರೋ, ಸೊಂಟದಲ್ಲೋ? ತುಂಬಿದಾಗ ತೂಕ ಎಲ್ಲಿ ಕೂರುತ್ತದೆ, ಖಾಲಿಯಾದಾಗ ಎಲ್ಲಿ? ಬೇರೆ ಪಾತ್ರೆಗೆ ತಗುಲಿದರೆ ಸದ್ದು ಹೇಗಿರುತ್ತದೆ? ಆಮೇಲೆ ಇನ್ನೊಂದು ಪ್ರಶ್ನೆ. ಹಳೆಯದಾದ ಮೇಲೆ ಆ ಲೋಹಕ್ಕೆ ಎಷ್ಟು ಬೆಲೆ ಉಳಿದಿರುತ್ತದೆ?

ಮನೆಗೆ ಬಂದು ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಸದ್ದು, ತೂಕ ಎಲ್ಲ ಬೇಡವಾಗಿತ್ತು. ಬೆಲೆಯ ಪ್ರಶ್ನೆ ಮಾತ್ರ ಹಿಡಿಸಿತು. "ನಮ್ಮ ಈ ಚೊಂಬು ಹಳೇದು ಕೊಟ್ಟು ತಗೊಂಡಿದ್ದು ಕಣೆ. ಕೂಲಿ ಅಷ್ಟೇ ಕೊಟ್ಟಿದ್ದು ನಾನು" ಅಂದರು.

ಇರಲಿ. ನನ್ನ ಚಪ್ಪಾಳೆಗೆ ಬರುತ್ತೇನೆ. ವಯಸ್ಸಾದವರಿಗೆ ರಾತ್ರಿ ಬಚ್ಚಲಿಗೆ ಹೋಗುವಾಗ ಹಿಡಿದುಕೊಳ್ಳಲು ಒಂದು ಪುಟ್ಟ ಚಾರ್ಜಿಂಗ್ ದೀಪ ಮಾಡಿದ್ದೆ. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಚಿಪ್ಪು. ಒಂದೂ ಸ್ಕ್ರೂ ಇಲ್ಲ. ಒಂದು ಚಿಪ್ಪಿನ ಅಂಚಿನಲ್ಲಿ ನಾಲ್ಕು ಕೊಕ್ಕೆ, ಇನ್ನೊಂದರಲ್ಲಿ ಅವು ಕೂರುವುದಕ್ಕೆ ನಾಲ್ಕು ಕಿಂಡಿ. ಒತ್ತಿದರೆ ಕೊಕ್ಕೆ ಚೂರು ಬಾಗಿ, ಒಳಗೆ ಜಾರಿ, 'ಟಕ್' ಅಂತ ಕೂರುತ್ತದೆ. ಸ್ನ್ಯಾಪ್ ಫಿಟ್ ಅಂತಾರೆ. ಇದರಲ್ಲಿ ಒಂದು ಸಣ್ಣ ಲೆಕ್ಕ ಇದೆ. ಕೊಕ್ಕೆ ಒಳಗೆ ಹೋಗುವ ಕಡೆ ಇಳಿಜಾರು ಬೇಕು. ಹಿಂದಕ್ಕೆ ಬರದ ಹಾಗೆ ತಡೆಯುವ ಕಡೆ 45 ಡಿಗ್ರಿ ಹತ್ತಿರ ಇಟ್ಟರೆ ಜಗ್ಗಿದಾಗ ಬಿಡುತ್ತದೆ. 90 ಇಟ್ಟರೆ ಬಿಡುವುದೇ ಇಲ್ಲ. ನಾನು 90 ಇಟ್ಟಿದ್ದೆ. ಗಟ್ಟಿಯಾಗಿರಲಿ ಅಂತ.

ಕ್ಲಾಸಿನ ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಮಾಡೆಲ್ ಎಲ್ಲರ ಕೈಗೂ ಹೋಗಿ ಬಂತು. ಮೇಷ್ಟ್ರು ಖುಷಿಯಾದರು. "ನಾಲ್ಕು ಸ್ಕ್ರೂ ಉಳಿಸಿದ್ರಿ. ಬೇರೆ ಲೋಹ ಇಲ್ಲ, ಜೋಡಿಸೋರಿಗೆ ಟೈಮ್ ಉಳೀತು, ಕರಗಿಸುವಾಗಲೂ ಸುಲಭ" ಅಂದರು. ಅದೇನೂ ಸುಳ್ಳಲ್ಲ. ನಾನು ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ನಮ್ಮ ನಾದಿನಿ ಹೆಬ್ಬೆಟ್ಟು ಒತ್ತಿ ಸುಮ್ಮನಾದಳು. ಅವಳು ಹಾಗೇ.

ಮಂಗಳವಾರ ಮಗಳ ಓದುವ ಲ್ಯಾಂಪ್ ಹಿಡಿದುಕೊಂಡು ಅಗ್ರಹಾರಕ್ಕೆ ಹೋದೆ. 1,150 ರೂಪಾಯಿ ಕೊಟ್ಟದ್ದು. ವಾರಂಟಿ ಹನ್ನೆರಡು ತಿಂಗಳು, ಕೆಟ್ಟದ್ದು ಹದಿನಾಲ್ಕನೇ ತಿಂಗಳಿಗೆ. ಇಂಥವಕ್ಕೆ ಕ್ಯಾಲೆಂಡರ್ ನೋಡುವುದು ಯಾರು ಕಲಿಸುತ್ತಾರೋ! ರಾತ್ರಿಯೆಲ್ಲ ಚಾರ್ಜ್ ಮಾಡಿದರೂ ಹತ್ತೇ ನಿಮಿಷಕ್ಕೆ ಆರಿಹೋಗುತ್ತಿತ್ತು. "ಎಸೆದು ಹೊಸದು ತಗೊಳ್ಳೇ, ಆಫರ್ ಇದೆ" ಅಂತ ನಮ್ಮೆಜಮಾನರು ಆಗಲೇ ಫೋನಿನಲ್ಲಿ ಹುಡುಕಿಟ್ಟಿದ್ದರು.

ಅಂಗಡಿಯವರಿಗೆ ಅರವತ್ತರ ಮೇಲೆ ವಯಸ್ಸು. ಗಿರಾಕಿಯ ಮುಖ ನೋಡುವ ಅಭ್ಯಾಸ ಇಲ್ಲ. ಸಾಮಾನಿನ ಜೊತೆಗೇ ಮಾತಾಡುತ್ತಾರೆ. ಲ್ಯಾಂಪನ್ನು ನಾಲ್ಕು ಸಲ ತಿರುಗಿಸಿದರು. ಸ್ಕ್ರೂ ಹುಡುಕುತ್ತಿದ್ದಾರೆ ಅಂತ ಗೊತ್ತಾಯಿತು. ಅಡಿಯ ರಬ್ಬರ್ ಗುಂಡಿಗಳನ್ನು ಉಗುರಲ್ಲಿ ಎಬ್ಬಿಸಿ ನೋಡಿದರು. ಅಲ್ಲಿಲ್ಲ. ಸ್ಟಿಕ್ಕರಿನ ಮೇಲೆ ಹೆಬ್ಬೆರಳು ಒತ್ತಿ ಸವರಿದರು, ಕೆಳಗೆ ಗುಳಿ ಇದೆಯಾ ಅಂತ. ಅಲ್ಲೂ ಇಲ್ಲ. ಆಮೇಲೆ ಸಾಣೆ ಹಿಡಿದು ತೆಳ್ಳಗೆ ಮಾಡಿಟ್ಟುಕೊಂಡ ಹಳೇ ಹ್ಯಾಕ್ಸಾ ಬ್ಲೇಡ್ ತೆಗೆದರು. ಎರಡು ಚಿಪ್ಪು ಸೇರುವ ಗೆರೆಗೆ ಅದನ್ನು ಕಾಲಿಂಚು ಮಾತ್ರ ತೂರಿಸಿದರು. "ಒಳಗೆ ಸೆಲ್ ಎಲ್ಲಿದೆಯೋ ಗೊತ್ತಿಲ್ಲ. ತಗುಲಿದ್ರೆ ಬೆಂಕಿ" ಅಂತ ಲ್ಯಾಂಪಿಗೆ ಹೇಳಿದರು.

ಟಕ್.

ಅದೇ ಸದ್ದು. ನನ್ನದು ಕೂರುವಾಗ ಮಾಡಿದ್ದು, ಇದು ಮುರಿಯುವಾಗ ಮಾಡಿತು. ಐದು ಕೊಕ್ಕೆಯಲ್ಲಿ ಮೂರು ಹೋದವು. ಆಗ ಅಂದದ್ದು ಆ ಮಾತು. ಮುಚ್ಚೋಕೆ ಕಲ್ತಿದಾರೆ ಮೇಡಂ, ಬಿಚ್ಚೋಕೆ ಕಲ್ತಿಲ್ಲ.

ನಾನು ಸುಮ್ನೆ ನಿಂತಿದ್ದೆ. ನಾನೂ ಅಂಥದ್ದೇ ಒಂದು ಮಾಡಿದ್ದೇನೆ ಅಂತ ಹೇಳುವುದಕ್ಕೆ ಬಾಯಿ ಬರಲಿಲ್ಲ.

ಒಳಗೆ ಇದ್ದದ್ದು ಒಂದು 18650 ಲಿಥಿಯಂ ಸೆಲ್. ಆ ನಂಬರಿನಲ್ಲೇ ಅದರ ಅಳತೆ ಇದೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಹಳೆಯದನ್ನು ತೆಗೆದು, 150 ರೂಪಾಯಿಯ ಹೊಸದು ಹಾಕಿದರು. ಕೊಕ್ಕೆ ಮುರಿದ ಕಡೆ ಚಿಪ್ಪು ಬಾಯಿ ಬಿಡುತ್ತಿತ್ತಲ್ಲ, ಅದಕ್ಕೆ ಎರಡು ತೂತು ಕೊರೆದು, ಹಾರ್ಲಿಕ್ಸ್ ಬಾಟಲಿಯಲ್ಲಿದ್ದ ಎರಡು ಸ್ಕ್ರೂ ಹುಡುಕಿ ತಿರುಗಿಸಿದರು. ಒಂದು ಬೆಳ್ಳಗೆ, ಒಂದು ಕಪ್ಪಗೆ. ಒಟ್ಟು 300 ರೂಪಾಯಿ. "ಮುಂದಿನ ಸಲ ನೀವೇ ಬಿಚ್ಕೊಳ್ಳಿ" ಅಂದರು. ಮಗಳು ನೋಡಿ "ಛೀ, ಅಸಹ್ಯವಾಗಿದೆ" ಅಂದಳು. ಹೌದು, ಚೆನ್ನಾಗೇನೂ ಇಲ್ಲ.

ಬುಧವಾರ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಅಂಗಡಿಯವರ ಜೊತೆ ಜಗಳ ಆಡಿದೆ. ಯಜಮಾನ್ರೇ, ನೀರು ಹೋಗಬಾರದ ಸಾಮಾನು ಇರುತ್ತವೆ. ಮಕ್ಕಳ ಕೈಗೆ ಸಿಗಬಾರದ್ದು ಇರುತ್ತವೆ. ಸುಮ್ಮನೆ ಮುಚ್ಚುತ್ತಾರಾ? ಆದರೆ ಮಕ್ಕಳ ಆಟಿಕೆಯಲ್ಲಿ ಬಟನ್ ಸೆಲ್ ಇರುವ ಜಾಗಕ್ಕೆ ಏನು ಹಾಕಿರುತ್ತಾರೆ? ಸ್ಕ್ರೂ. ಮಗು ಬಿಚ್ಚಬಾರದು, ಅಮ್ಮ ಬಿಚ್ಚಬೇಕು. ನನ್ನ ವಾದ ನನಗೇ ತಿರುಗಿ ಬಿತ್ತು. ಬಸ್ಸಿನಲ್ಲೂ ಆ ಮನುಷ್ಯ ತಲೆ ಎತ್ತಲಿಲ್ಲ.

ಕ್ಲಾಸಿನಲ್ಲಿ ಬರೆದುಕೊಂಡ ನೋಟ್ಸ್ ತಿರುವಿದೆ. ಒಂದು ವಸ್ತುವಿನ ಇಡೀ ಜೀವನದ ಲೆಕ್ಕ ಹಾಕುವ ವಿಧಾನ ಇದೆ. ಅದಿರು, ಎಣ್ಣೆಯಿಂದ ಹಿಡಿದು ಕಾರ್ಖಾನೆ, ಲಾರಿ, ಬಳಕೆ, ಕೊನೆಗೆ ಕಸ, ಎಲ್ಲಾ ಸೇರಿಸಿ. ಅದರಲ್ಲಿ ಮೊದಲು ಕೇಳಬೇಕಾದದ್ದು, ಯಾವುದರ ಲೆಕ್ಕ ಹಾಕುತ್ತಿದ್ದೀರಿ ಅನ್ನುವುದು. ಫಂಕ್ಷನಲ್ ಯೂನಿಟ್ ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು ಮೇಷ್ಟ್ರು. ನಾನು ಅದರ ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದೆ. ಎಳೆದು ಮರೆತಿದ್ದೆ. 'ಒಂದು ಲ್ಯಾಂಪ್' ಅಂತ ಹಿಡಿದರೆ ಸ್ಕ್ರೂ ಇಲ್ಲದ್ದೇ ಗೆಲ್ಲುತ್ತದೆ, ನನ್ನ ಚಪ್ಪಾಳೆ ನ್ಯಾಯವೇ. 'ಒಂದು ಮಗುವಿಗೆ ಹತ್ತು ವರ್ಷ ಓದುವುದಕ್ಕೆ ಬೆಳಕು' ಅಂತ ಹಿಡಿದರೆ?

ಹಿಡಿದು ನೋಡಿದೆ. ದಿನಕ್ಕೆ ನಾಲ್ಕು ಗಂಟೆ, ಹತ್ತು ವರ್ಷಕ್ಕೆ 14,600 ಗಂಟೆ. ಒಳ್ಳೆಯ ಎಲ್‌ಇಡಿ 25,000 ಗಂಟೆ ಉರಿಯುತ್ತದೆ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಚಿಪ್ಪಿನ ಎಬಿಎಸ್ ಪ್ಲಾಸ್ಟಿಕ್ಕಿಗೆ ಮನೆಯೊಳಗೆ ಹತ್ತು ವರ್ಷ ಯಾವ ಲೆಕ್ಕ? ಮೊದಲು ಸಾಯುವುದು ಸೆಲ್ ಒಂದೇ. ಲಿಥಿಯಂ ಸೆಲ್ ಸಾಮಾನ್ಯವಾಗಿ 300ರಿಂದ 500 ಸಲ ತುಂಬಿ ಖಾಲಿಯಾಗುವಷ್ಟರಲ್ಲಿ ಸೊರಗುತ್ತದೆ. ದಿನಾ ಚಾರ್ಜಿಗೆ ಹಾಕಿದರೆ ಹದಿನಾಲ್ಕು ತಿಂಗಳು ಸರಿಯಾಗೇ ಇದೆ, ಪಾಪ, ಕ್ಯಾಲೆಂಡರ್ ನೋಡಿದ್ದಲ್ಲ. ಬಿಚ್ಚಲು ಬಾರದಿದ್ದರೆ ಹತ್ತು ವರ್ಷಕ್ಕೆ ಒಂಬತ್ತು ಲ್ಯಾಂಪ್, ಇವತ್ತಿನ ಬೆಲೆಗೆ 10,350 ರೂಪಾಯಿ. ಬಿಚ್ಚಲು ಬಂದರೆ ಒಂದು ಲ್ಯಾಂಪ್, ಎಂಟು ಸೆಲ್, 2,350 ರೂಪಾಯಿ. ಮಧ್ಯೆ ಇರುವುದು ಎರಡು ಸ್ಕ್ರೂ. ನಾನು ಉಳಿಸಿದ್ದೆನಲ್ಲ, ಅಂಥವು.

ಅಪ್ಪನ ಯೆಜ್ಡಿ ಬೈಕ್ ನೆನಪಾಯಿತು. ಅದನ್ನು ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿ ಇವತ್ತಿಗೂ ಅಣ್ಣನ ಮನೆಯಲ್ಲಿ ಓಡುತ್ತದೆ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಒಂದೇ ಕಬ್ಬಿಣ, ಎರಡು ಕೆಲಸ. ಅಲ್ಲೂ ಒಂದು ಭಾಗ ಉಳಿಸಿದ್ದಾರೆ, ಆದರೆ ಬಿಚ್ಚುವವರ ಹೊಟ್ಟೆ ಮೇಲೆ ಹೊಡೆದಿಲ್ಲ. ಭಾನುವಾರ ಅಪ್ಪ ಅಂಗಳದಲ್ಲಿ ಗೋಣಿಚೀಲ ಹಾಸಿ ಅದರ ಮೇಲೆ ಎಲ್ಲಾ ಹರವಿಕೊಂಡು ಕೂರುತ್ತಿದ್ದರು. ನಟ್ಟುಗಳನ್ನು ಹಳೇ ಇಡ್ಲಿ ತಟ್ಟೆಯಲ್ಲಿ ಗುಳಿಗೊಂದರಂತೆ ಇಡುವುದು ನನ್ನ ಡ್ಯೂಟಿ. ಅಂದಹಾಗೆ ಅದನ್ನು ಸಸ್ಟೇನಬಲ್ ಅಂತ ಹೊಗಳುವುದಕ್ಕೂ ಆಗಲ್ಲ. ಟೂ ಸ್ಟ್ರೋಕ್ ಹೊಗೆ ಅಷ್ಟಿಷ್ಟಲ್ಲ. ಗಾಡಿ, ಫ್ರಿಜ್ಜು, ಇಂಥವು ಮಾಡುವಾಗಕ್ಕಿಂತ ಓಡುವಾಗಲೇ ಜಾಸ್ತಿ ಶಕ್ತಿ ತಿನ್ನುತ್ತವೆ. ಹಳೆಯದನ್ನೆಲ್ಲ ಕಾಪಾಡಿಕೊಂಡು ಬಂದರೆ ಲೋಕ ಉದ್ಧಾರ ಅನ್ನುವವರ ಗುಂಪಿನವಳಲ್ಲ ನಾನು. ಲ್ಯಾಂಪಿನ ಮಾತು ಬೇರೆ.

ಗುರುವಾರ ತಡೆಯಲಾರದೆ ಮೇಷ್ಟ್ರಿಗೆ ಲ್ಯಾಂಪಿನ ಫೋಟೊ ಕಳಿಸಿದೆ, ಬಿಳಿ ಸ್ಕ್ರೂ ಕರಿ ಸ್ಕ್ರೂ ಸಮೇತ. ಎರಡು ಗಂಟೆ ಉತ್ತರ ಇಲ್ಲ. ಆಮೇಲೆ ಒಂದರ ಹಿಂದೆ ಒಂದು ಬಂದವು. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪಿನಂಥವಕ್ಕೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಹಾಕಿ ಬೆಲೆಯ ಪಕ್ಕದಲ್ಲೇ ತೋರಿಸಬೇಕು. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಇಂಥ ಸಾಮಾನಿನ ಬ್ಯಾಟರಿಯನ್ನು ಕೊಂಡವರೇ ತೆಗೆಯುವಂತಿರಬೇಕು. ನಮ್ಮಲ್ಲೂ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗೆ ಅಂತ ಒಂದು ಪೋರ್ಟಲ್ ತೆರೆದಿದೆ. ಎಲ್ಲಾ ಓದಿದೆ. ಅಗ್ರಹಾರದ ಅಂಗಡಿಯವರು ಇಷ್ಟನ್ನೂ ಐದು ಪದದಲ್ಲಿ ಮುಗಿಸಿದ್ದರು. ಕೊನೆಗೆ ಮೇಷ್ಟ್ರದೊಂದು ಸಾಲು ಬಂತು: "ನಾನೂ ಬಿಚ್ಚಿ ನೋಡಿರಲಿಲ್ಲ ಮೇಡಂ." ಕಪ್ಪು ಟೀ ಶರ್ಟಿನ ಬಗ್ಗೆ ಅಂದುಕೊಂಡದ್ದನ್ನೆಲ್ಲ ವಾಪಸ್ ತಗೊಂಡೆ.

ಇವತ್ತು ಮಧ್ಯಾಹ್ನ ನನ್ನ ಮಾಡೆಲ್ ಚೀಲಕ್ಕೆ ಹಾಕಿಕೊಂಡು ಮತ್ತೆ ಅಗ್ರಹಾರಕ್ಕೆ ಹೋದೆ. ಅಂಗಡಿ ಮುಂದೆ ಮೂರು ಜನ ನಿಂತಿದ್ದರು, ಒಬ್ಬರ ಕೈಯಲ್ಲಿ ಮಿಕ್ಸಿ. ನನ್ನ ಸರದಿ ಬಂದಾಗ ಕೌಂಟರಿನ ಮೇಲೆ ಇಟ್ಟೆ.

"ಏನಾಗಿದೆ ಇದಕ್ಕೆ?"

"ಏನೂ ಆಗಿಲ್ಲ ಯಜಮಾನ್ರೇ. ಬಿಚ್ಚೋಕೆ ಆಗತ್ತಾ ಅಂತ ನೋಡ್ಬೇಕಿತ್ತು."

ಅವರು ಅದನ್ನು ಕೈಗೆ ತಗೊಂಡು ನಾಲ್ಕು ಸಲ ತಿರುಗಿಸಿದರು. ಸೇರುವ ಗೆರೆಯ ಮೇಲೆ ಉಗುರು ಎಳೆದರು. ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು.

"ನೀವು ಮಾಡಿದ್ದಾ?"

ಹೌದು ಅಂದೆ. ಅವರು ಏನೂ ಅನ್ನಲಿಲ್ಲ. ಒಂದು ಚೀಟಿ ಹರಿದು ನನ್ನ ಫೋನ್ ನಂಬರ್ ಬರೆದುಕೊಂಡರು. ಕೆಳಗೆ, ಬೇರೆಯವರ ಚೀಟಿಗಳಲ್ಲಿ 'ಮೋಟರ್', 'ಸ್ವಿಚ್', 'ವೈರ್' ಅಂತ ಇರುವ ಜಾಗದಲ್ಲಿ, 'ಬಿಚ್ಚಬೇಕು' ಅಂತ ಬರೆದು ಟೇಪ್ ಹಾಕಿ ಅಂಟಿಸಿದರು. ಮಿಕ್ಸಿ ಪಕ್ಕದಲ್ಲಿ ಇಟ್ಟರು.

"ಬುಧವಾರ ಬನ್ನಿ."

"ನಾಳೆ ಬೆಳಿಗ್ಗೆ ಕ್ಲಾಸಿಗೆ ಬೇಕಿತ್ತು" ಅಂದೆ.

"ಗಿರಾಕಿ ಇದಾರೆ ಮೇಡಂ. ಬುಧವಾರ."